ಗೆಲ್ಲುವ ತಂಡದಲ್ಲಿ ತರುಣರಿಗೆ ಎಡೆ

ಸೋತ ತಂಡಕ್ಕೆ ಬುದ್ಧಿ ಹೇಳುವವರು ಬಹುಮಂದಿ. ಗೆದ್ದ ತಂಡಕ್ಕೆ ಬುದ್ಧಿ ಹೇಳುವವರು ವಿರಳ. ಸೋಲಾದ ಮರುದಿನ ಊರ ಚಹದಂಗಡಿಯಿಂದ ಮೊದಲ್ಗೊಂಡು ಪತ್ರಿಕೆಗಳ ಅಂಕಣಗಳವರೆಗೆ "ಹಳಬರನ್ನು ಕಳುಹಿಸಿರಿ, ಹೊಸಬರನ್ನು ಕರೆಯಿರಿ" ಎಂಬ ಕೂಗು ಏಳುತ್ತದೆ. ಗೆಲುವಾದ ಮರುದಿನ ಆ ಕೂಗು ತಾನಾಗಿ ಅಡಗುತ್ತದೆ. ಗೆಲ್ಲುತ್ತಿರುವಾಗ ಬದಲಾವಣೆ ಏಕೆ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಅವಕಾಶಕ್ಕಾಗಿ ಹೊರಗೆ ಕಾದು ನಿಂತಿರುವ ತರುಣ ಆಟಗಾರನಿಗೆ, ಗೆಲ್ಲುವ ತಂಡದ ಬಾಗಿಲಿನಷ್ಟು ಭದ್ರವಾಗಿ ಮುಚ್ಚಿದ ಬಾಗಿಲು ಬೇರೊಂದಿಲ್ಲ. ಆ ಬಾಗಿಲನ್ನು ಯಾವಾಗ ತೆರೆಯಬೇಕು, ಎಷ್ಟು ಕಾಲ ತೆರೆದಿಡಬೇಕು, ಯಾರಿಗಾಗಿ ತೆರೆಯಬೇಕು ಎಂಬುದನ್ನು ಈ ಲೇಖನದಲ್ಲಿ ಕೊಂಚ ವಿಚಾರ ಮಾಡಬೇಕೆಂದು ಎಣಿಸಿದ್ದೇವೆ.

ಶಾಲಾ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಕ್ರಿಕೆಟಿನ ವಿಚಾರಕ್ಕೆ ಏನು ಪ್ರಸಕ್ತಿ ಎಂದು ಕೆಲವರು ಹಿರಿಯರು ಕೇಳಿಯಾರು. ಕೊಯ್ಲಾದ ಗದ್ದೆಯಲ್ಲಿ ತೆಂಗಿನ ಕೊತ್ತಳಿಗೆಯನ್ನೇ ಬ್ಯಾಟನ್ನಾಗಿ ಮಾಡಿಕೊಂಡು ಆಡುವ ನಮ್ಮ ಮಕ್ಕಳನ್ನು ಕಂಡವರಿಗೆ ಈ ಪ್ರಶ್ನೆ ಏಳಲಾರದು. ಮೇಲಾಗಿ, ಭಾರತದ ಪರವಾಗಿ ಟೆಸ್ಟ್ ಪಂದ್ಯಗಳಲ್ಲಿ ಅತ್ಯಧಿಕ ವಿಕೆಟುಗಳನ್ನು ಗಳಿಸಿದ ಮಹನೀಯನ ಹೆಸರಿನಲ್ಲಿರುವುದು ನಮ್ಮದೇ ಕುಂಬಳೆ. ಕೇರಳವನ್ನು ಪ್ರಥಮ ಬಾರಿಗೆ ರಣಜಿ ಟ್ರೋಫಿಯ ಅಂತಿಮ ಪಂದ್ಯಕ್ಕೆ ಒಯ್ದವರಲ್ಲಿ ಪ್ರಮುಖನಾದ ಒಬ್ಬ ಆಟಗಾರ ನಮ್ಮದೇ ತಳಂಗರೆಯವನು. ಹೀಗಿರುವಾಗ ಈ ವಿಷಯ ನಮಗೆ ದೂರದ್ದಲ್ಲ.

ಮೊದಲು ತೊಡಕಿನ ಸ್ವರೂಪವನ್ನು ತಿಳಿಯೋಣ. ತಂಡದಲ್ಲಿ ಹನ್ನೊಂದು ಸ್ಥಾನಗಳುಂಟಷ್ಟೆ. ಅವುಗಳಲ್ಲಿ ಒಂದು ವಿಕೆಟ್ ಕೀಪರನದು. ನಾಲ್ಕೈದು ಸ್ಥಾನಗಳು ಬೌಲರುಗಳಿಗೆ ಸಲ್ಲತಕ್ಕವು. ಉಳಿದ ಐದಾರು ಸ್ಥಾನಗಳಿಗಾಗಿ ಇಡೀ ದೇಶದ ಬ್ಯಾಟುಗಾರರು ಸ್ಪರ್ಧಿಸಬೇಕು. ತಂಡ ಸೋಲುತ್ತಿರುವಾಗ ಈ ಸ್ಥಾನಗಳು ತಾವಾಗಿ ತೆರವಾಗುತ್ತವೆ. ತಂಡ ಗೆಲ್ಲುತ್ತಿರುವಾಗ ಪ್ರತಿಯೊಂದು ಸ್ಥಾನದಲ್ಲಿಯೂ ಅದಕ್ಕೆ ಅರ್ಹನಾದವನೇ ಕುಳಿತಿರುತ್ತಾನೆ. ಅವನನ್ನು ಎಬ್ಬಿಸಿ ಹೊಸಬನನ್ನು ಕುಳ್ಳಿರಿಸುವುದು ಅವನ ಮಟ್ಟಿಗೆ ಅನ್ಯಾಯ. ಎಬ್ಬಿಸದಿರುವುದು ಹೊಸಬನ ಮಟ್ಟಿಗೆ ಅನ್ಯಾಯ. ಆದುದರಿಂದ ಇದು ನ್ಯಾಯ ಮತ್ತು ಅನ್ಯಾಯಗಳ ನಡುವಣ ಜಗಳವಲ್ಲ, ಎರಡು ನ್ಯಾಯಗಳ ನಡುವಣ ಜಗಳ. ಆಯ್ಕೆಗಾರರ ಕೆಲಸ ಕಠಿಣವಾಗುವುದು ಈ ಕಾರಣದಿಂದ.

ಹಾಗಾದರೆ ಇದ್ದವರು ಇದ್ದಂತೆಯೇ ಆಡಲಿ, ಅವರು ದಣಿದ ಮೇಲೆ ನೋಡಿಕೊಳ್ಳೋಣ ಎನ್ನಬಹುದೇ? ಎರಡು ಪ್ರಸಿದ್ಧ ತಂಡಗಳ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. ವೆಸ್ಟ್ ಇಂಡೀಸ್ ತಂಡ 1980ರ ಆರಂಭದಲ್ಲಿ ನ್ಯೂಜಿಲೆಂಡಿನಲ್ಲಿ ಸೋತ ಬಳಿಕ 1995ರ ವರೆಗೆ, ಹದಿನೈದು ವರ್ಷಗಳ ಕಾಲ, ಒಂದೇ ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ. ಅಂತಹ ತಂಡ ಜಗತ್ತಿನಲ್ಲಿ ಮತ್ತೊಂದಿರಲಿಲ್ಲ. ಆದರೆ 1991ರಲ್ಲಿ ವಿವಿಯನ್ ರಿಚರ್ಡ್ಸ್, ಮಾಲ್ಕಂ ಮಾರ್ಷಲ್, ಜೆಫ್ ಡ್ಯೂಜಾನ್ ಮತ್ತು ಗಾರ್ಡನ್ ಗ್ರೀನಿಜ್ ಈ ನಾಲ್ವರೂ ಒಂದೇ ವರ್ಷದಲ್ಲಿ ಟೆಸ್ಟ್ ರಂಗದಿಂದ ಮರೆಯಾದರು. ತಂಡ ಇನ್ನೂ ಕೆಲವು ವರ್ಷ ಗೆದ್ದಿತು; ಆದರೆ 1995ರಲ್ಲಿ ಆಸ್ಟ್ರೇಲಿಯದ ಮುಂದೆ ಸೋತ ಮೇಲೆ ಹಳೆಯ ವೈಭವ ಹಿಂದಿರುಗಲಿಲ್ಲ. ಈ ಪತನಕ್ಕೆ ಬೇರೆ ಕಾರಣಗಳೂ ಉಂಟು. ಆದರೂ ಮಹಾರಥಿಗಳು ಒಟ್ಟಿಗೆ ಎದ್ದುಹೋದಾಗ ಅವರ ಸ್ಥಾನಗಳನ್ನು ಒಟ್ಟಿಗೆ ತುಂಬುವುದು ಎಂತಹ ತಂಡಕ್ಕೂ ದುಸ್ತರವೆಂಬುದು ನಿರ್ವಿವಾದ.

ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಮುಂಬಯಿ ತಂಡವನ್ನು ನೋಡಿರಿ. 1958-59ರಿಂದ 1972-73ರ ವರೆಗೆ, ಇದೂ ಹದಿನೈದು ವರ್ಷ, ಎಡೆಬಿಡದೆ ರಣಜಿ ಟ್ರೋಫಿ ಅದರ ವಶದಲ್ಲಿತ್ತು. ಮೊದಲ ವರ್ಷ ಆಡಿದ ಹನ್ನೊಂದು ಮಂದಿಯೇ ಕೊನೆಯ ವರ್ಷದ ತನಕವೂ ಆಡಿ ಗೆದ್ದದ್ದಲ್ಲ. ಪಾಲಿ ಉಮ್ರಿಗರರ ಪೀಳಿಗೆ ಹೋಗಿ ಅಜಿತ್ ವಾಡೇಕರರ ಪೀಳಿಗೆ ಬಂತು. ವಾಡೇಕರರು ಆಡುತ್ತಿದ್ದಾಗಲೇ ಸುನಿಲ್ ಗಾವಸ್ಕರರು ಬಂದರು. ಗೆಲುವಿನ ಧಾರೆ ಕಡಿಯದಂತೆ ಆಟಗಾರರು ಒಬ್ಬೊಬ್ಬರಾಗಿ ಬದಲಾದರು. ನಮ್ಮ ಅಡಿಕೆ ಕೃಷಿಕರಿಗೆ ಈ ಸೂತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ಮುದಿಮರಗಳೆಲ್ಲ ಬಿದ್ದ ಮೇಲೆ ಸಸಿ ನೆಡುವವನ ತೋಟದಲ್ಲಿ ಐದಾರು ವರ್ಷ ಫಸಲಿಲ್ಲ. ಮರ ಫಲ ಕೊಡುತ್ತಿರುವಾಗಲೇ ಅದರ ಎಡೆಯಲ್ಲಿ ಸಸಿ ನೆಟ್ಟವನ ತೋಟ ಎಂದೂ ಬರಿದಾಗುವುದಿಲ್ಲ. ಸಸಿ ನೆಡುವ ಕಾಲ ಫಸಲಿನ ಕಾಲವೇ.

ಇನ್ನು ತರುಣರಿಗೆ ಕೊಡುವ ಅವಕಾಶ ಎಂದರೆ ಏನು ಎಂಬುದನ್ನು ಪರಿಶೀಲಿಸೋಣ. ಒಂದು ದಿನ ಟೋಪಿ ಕೊಟ್ಟು ಮೈದಾನಕ್ಕೆ ಇಳಿಸಿದರೆ ಅದೇ ಅವಕಾಶವೆಂದು ಅನೇಕರು ತಿಳಿದಿದ್ದಾರೆ. ಕರ್ನಾಟಕದ ನಾಲ್ವರು ಆಟಗಾರರ ಜೀವನವನ್ನು ನೋಡಿದರೆ ಈ ತಿಳಿವಳಿಕೆ ಸಾಲದೆಂಬುದು ಮನವರಿಕೆಯಾದೀತು.

ಮೊದಲನೆಯವರು ಗುಂಡಪ್ಪ ವಿಶ್ವನಾಥರು. ಭದ್ರಾವತಿಯಲ್ಲಿ ಹುಟ್ಟಿದ ಇವರು 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಪ್ರಥಮ ಟೆಸ್ಟನ್ನಾಡಿದರು. ಆಗ ಅವರ ಪ್ರಾಯ 20. ಆ ಸರಣಿಯ ಮುಂಬಯಿ ಟೆಸ್ಟನ್ನು ಭಾರತ ಸೋತಿತ್ತಾದುದರಿಂದ ಬಾಗಿಲು ಸುಲಭವಾಗಿ ತೆರೆಯಿತೆನ್ನಬೇಕು. ಮೊದಲ ಸರದಿಯಲ್ಲಿ ವಿಶ್ವನಾಥರು ಒಂದು ರನ್ನನ್ನೂ ಗಳಿಸದೆ ಮರಳಿದರು. ನಾಯಕ ಪಟೌಡಿಯವರು ಅವರಿಗೆ ಧೈರ್ಯ ಹೇಳಿದರು. ಎರಡನೆಯ ಸರದಿಯಲ್ಲಿ ಅವರು 137 ರನ್ ಹೊಡೆದರು. ಮುಂದಿನ ದಿಲ್ಲಿ ಟೆಸ್ಟಿನಲ್ಲಿ ವಾಡೇಕರರೊಡನೆ ಅಜೇಯರಾಗಿ ನಿಂತು ಭಾರತವನ್ನು ಗೆಲ್ಲಿಸಿದರು. ಒಟ್ಟು 91 ಟೆಸ್ಟುಗಳಲ್ಲಿ 6,080 ರನ್ ಮತ್ತು 14 ಶತಕಗಳು ಅವರವು. ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಟೆಸ್ಟ್ ಪಂದ್ಯಕ್ಕೆ ಎರಡು ಸರದಿಗಳಿರುವುದೇ ಇಲ್ಲಿ ಉಪಕಾರಕ್ಕೆ ಬಂತು. ಸೊನ್ನೆಯ ಬಳಿಕವೂ ಇನ್ನೊಂದು ಸರದಿ ಇತ್ತಾದ ಕಾರಣ ಭಾರತಕ್ಕೆ ವಿಶ್ವನಾಥರು ದೊರೆತರು.

ಎರಡನೆಯವರು ಸೈಯದ್ ಕಿರ್ಮಾನಿಯವರು. 1971ರಲ್ಲಿ ಭಾರತ ಇಂಗ್ಲೆಂಡಿನ ನೆಲದಲ್ಲಿ ಪ್ರಥಮ ಬಾರಿಗೆ ಸರಣಿ ಗೆದ್ದಾಗ ಇವರು ತಂಡದೊಡನೆ ಇದ್ದರು. ಆದರೆ ಒಂದು ಟೆಸ್ಟನ್ನೂ ಆಡಲಿಲ್ಲ. ಫರೂಕ್ ಇಂಜಿನಿಯರರು ವಿಕೆಟ್ ಹಿಂದೆ ನಿಂತಿರುವ ತನಕ ಇನ್ನೊಬ್ಬನಿಗೆ ಅಲ್ಲಿ ಸ್ಥಳವಿರಲಿಲ್ಲ. 1974ರಲ್ಲಿಯೂ ಹಾಗೆಯೇ ಆಯಿತು. ಕಡೆಗೆ 1976ರ ಜನವರಿಯಲ್ಲಿ, 26ರ ಪ್ರಾಯದಲ್ಲಿ, ಆಕ್ಲೆಂಡಿನಲ್ಲಿ ಸರದಿ ಬಂತು. ತಮ್ಮ ಎರಡನೆಯ ಟೆಸ್ಟಿನಲ್ಲಿಯೇ ಒಂದು ಸರದಿಯಲ್ಲಿ ಆರು ಮಂದಿಯನ್ನು ಔಟು ಮಾಡಿ ಅಂದಿನ ವಿಶ್ವದಾಖಲೆಯನ್ನು ಅವರು ಸರಿಗಟ್ಟಿದರು. 1983ರ ವಿಶ್ವಕಪ್ಪನ್ನು ಗೆದ್ದ ತಂಡದ ವಿಕೆಟ್ ಕೀಪರರೂ ಅವರೇ. ಇಷ್ಟು ದೀರ್ಘಕಾಲ ಕಾದರೂ ಅವರ ಕೌಶಲ ಕುಂದದೆ ಉಳಿದುದು ಹೇಗೆ? ಕಾಯುತ್ತಿದ್ದ ಕಾಲದಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ; ತಮ್ಮ ರಾಜ್ಯಕ್ಕಾಗಿ ಆಡುತ್ತಿದ್ದರು. ಮುಂಬಯಿಯ ಆ ಹದಿನೈದು ವರ್ಷಗಳ ಓಟವನ್ನು ತಡೆದು 1973-74ರಲ್ಲಿ ಪ್ರಥಮ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದ ಕರ್ನಾಟಕ ತಂಡದಲ್ಲಿ ಅವರಿದ್ದರು. ಆಡುತ್ತಾ ಕಾಯುವುದು ಬೇರೆ, ಬೆಂಚಿನ ಮೇಲೆ ಕುಳಿತು ಕಾಯುವುದು ಬೇರೆ. ಮೊದಲನೆಯದು ಸಾಧನೆ, ಎರಡನೆಯದು ತುಕ್ಕು.

ಮೂರನೆಯವರು ಅನಿಲ್ ಕುಂಬ್ಳೆಯವರು. ಬೆಂಗಳೂರಿನಲ್ಲಿ ಬೆಳೆದರೂ ನಮ್ಮ ಕುಂಬಳೆಯ ಹೆಸರನ್ನು ಜಗತ್ತಿನ ಮೈದಾನಗಳಲ್ಲೆಲ್ಲ ಮೊಳಗಿಸಿದವರು. 1990ರ ಆಗಸ್ಟಿನಲ್ಲಿ, 19ರ ಪ್ರಾಯದಲ್ಲಿ, ಮ್ಯಾಂಚೆಸ್ಟರಿನಲ್ಲಿ ಅವರ ಪ್ರಥಮ ಟೆಸ್ಟು ನಡೆಯಿತು. ಮೂರು ವಿಕೆಟುಗಳು ದೊರೆತವು. ಆ ಬಳಿಕ ಎರಡು ವರ್ಷಗಳ ಕಾಲ ಇನ್ನೊಂದು ಟೆಸ್ಟು ದೊರೆಯಲಿಲ್ಲ. ಆ ಎರಡು ವರ್ಷ ಅವರು ರಾಜ್ಯಕ್ಕಾಗಿ ಬೌಲಿಂಗ್ ಮಾಡುತ್ತಿದ್ದರು, ಇಂಜಿನಿಯರಿಂಗ್ ವ್ಯಾಸಂಗವನ್ನೂ ಪೂರೈಸಿದರು. 1992ರ ಇರಾನಿ ಟ್ರೋಫಿ ಪಂದ್ಯದಲ್ಲಿ 13 ವಿಕೆಟುಗಳನ್ನು ಪಡೆದು ಆಯ್ಕೆಗಾರರ ಬಾಗಿಲನ್ನು ಮತ್ತೆ ತಟ್ಟಿದರು. ಈ ಸಲ ತೆರೆದ ಬಾಗಿಲು ಮುಚ್ಚಲಿಲ್ಲ. 1993ರಲ್ಲಿ ಸ್ವದೇಶದಲ್ಲಿ ಇಂಗ್ಲೆಂಡಿನ ಮೇಲೆ ಸಾಧಿಸಿದ 3-0ರ ಜಯದಲ್ಲಿ ಅವರ ಪಾಲು 21 ವಿಕೆಟುಗಳು. 1999ರಲ್ಲಿ ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟುಗಳನ್ನು ಒಂದೇ ಸರದಿಯಲ್ಲಿ ಉರುಳಿಸಿದರು. ಒಟ್ಟು 132 ಟೆಸ್ಟುಗಳಲ್ಲಿ 619 ವಿಕೆಟುಗಳು! ಹತ್ತೊಂಬತ್ತರ ಹುಡುಗನ ಒಂದೇ ಪಂದ್ಯವನ್ನು ನೋಡಿ ಅವನ ಲೆಕ್ಕವನ್ನು ಮುಗಿಸಿಬಿಟ್ಟಿದ್ದರೆ ಈ 619ರಲ್ಲಿ ನಮಗೆ ದಕ್ಕುತ್ತಿದ್ದುದು ಮೂರು ಮಾತ್ರ.

ನಾಲ್ಕನೆಯವರ ವಿಚಾರವೇ ನಮ್ಮ ಪ್ರಶ್ನೆಗೆ ಅತ್ಯಂತ ಸಮೀಪವಾದುದು; ಆದುದರಿಂದ ಅಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇವೆ. ಮಲಯಾಳ ಮನೆತನದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಆಟ ಕಲಿತು ಕರ್ನಾಟಕಕ್ಕಾಗಿ ಆಡಿದ ಕರುಣ್ ನಾಯರರು 2016ರ ನವೆಂಬರಿನಲ್ಲಿ ಮೊಹಾಲಿಯಲ್ಲಿ ಇಂಗ್ಲೆಂಡಿನ ವಿರುದ್ಧ ಪ್ರಥಮ ಟೆಸ್ಟನ್ನಾಡಿದರು. ಭಾರತ ಆಗ ಗೆಲುವಿನ ಮೇಲೆ ಗೆಲುವು ಸಾಧಿಸುತ್ತಿದ್ದ ತಂಡ. ಅವರಿಗೆ ಸ್ಥಳ ದೊರೆತುದು ಇತರರು ಗಾಯಗೊಂಡಿದ್ದರಿಂದ. ಮೊದಲ ಟೆಸ್ಟಿನಲ್ಲಿ 4 ರನ್, ಎರಡನೆಯದರಲ್ಲಿ 13 ರನ್. ಮೂರನೆಯ ಟೆಸ್ಟು ಚೆನ್ನೈಯಲ್ಲಿ. ಅಷ್ಟರಲ್ಲಿ ಭಾರತ 3-0ರಿಂದ ಸರಣಿಯನ್ನು ಗೆದ್ದಾಗಿತ್ತು. ಅಲ್ಲಿ ಅವರು ಔಟಾಗದೆ 303 ರನ್ ಹೊಡೆದರು. ಭಾರತದ ಪರವಾಗಿ ಟೆಸ್ಟಿನಲ್ಲಿ ಮುನ್ನೂರನ್ನು ಮುಟ್ಟಿದವರಲ್ಲಿ ವೀರೇಂದ್ರ ಸೆಹವಾಗರ ಅನಂತರ ಇವರೇ ಎರಡನೆಯವರು. ತನ್ನ ಪ್ರಥಮ ಟೆಸ್ಟ್ ಶತಕವನ್ನೇ ಮುನ್ನೂರಕ್ಕೆ ಬೆಳೆಸಿದವರು ಜಗತ್ತಿನಲ್ಲಿ ಅವರಿಗೆ ಮೊದಲು ಇಬ್ಬರೇ: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್.

ಮುಂದಿನ ಟೆಸ್ಟು 2017ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ. ಮುನ್ನೂರು ಹೊಡೆದ ತರುಣ ಅದರಲ್ಲಿ ಆಡಲಿಲ್ಲ! ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆಯವರು ತಮ್ಮ ಸ್ಥಾನಕ್ಕೆ ಹಿಂದಿರುಗಿದ್ದರು. ಒಬ್ಬನ ಒಂದು ಪಂದ್ಯದ ಸಾಧನೆ ಇನ್ನೊಬ್ಬನ ಎರಡು ವರ್ಷಗಳ ದುಡಿಮೆಯನ್ನು ಅಳಿಸಲಾರದೆಂಬುದು ಅಂದಿನ ನಾಯಕ ವಿರಾಟ್ ಕೊಹ್ಲಿಯವರ ಅಭಿಪ್ರಾಯವಾಗಿತ್ತು. ಅನೇಕರು ಇದನ್ನು ಟೀಕಿಸಿದರು. ನಾವು ಟೀಕಿಸಲಾರೆವು. ರೋಗದಿಂದಲೋ ಗಾಯದಿಂದಲೋ ರಜೆಯ ಮೇಲೆ ಹೋದವನು ಹಿಂದಿರುಗಿದಾಗ ಅವನ ಸ್ಥಾನ ಅವನಿಗೆ ಸಲ್ಲಬೇಕಾದುದು ಧರ್ಮ. ಆ ದಿನದ ನಿರ್ಣಯದಲ್ಲಿ ದೋಷವಿಲ್ಲ.

ವಿಚಾರ ಮಾಡಬೇಕಾದುದು ಅನಂತರ ನಡೆದುದನ್ನು. ಅದೇ ವರ್ಷ ಆಸ್ಟ್ರೇಲಿಯದ ವಿರುದ್ಧ ಮೂರು ಟೆಸ್ಟುಗಳಲ್ಲಿ ಅವರು 26, 0, 23 ಮತ್ತು 5 ರನ್ ಗಳಿಸಿದರು. ಅಲ್ಲಿಗೆ ಬಾಗಿಲು ಮುಚ್ಚಿತು. 2018ರಲ್ಲಿ ಇಂಗ್ಲೆಂಡಿಗೆ ಹೋದ ತಂಡದೊಡನೆ ಅವರೂ ಹೋದರು. ಐದು ಟೆಸ್ಟುಗಳಲ್ಲಿ ಒಂದರಲ್ಲಿಯೂ ಆಡಲಿಲ್ಲ. ಕೊನೆಯ ಟೆಸ್ಟಿನಲ್ಲಿ ಒಂದು ಸ್ಥಾನ ತೆರವಾದಾಗ ಅದು ಪ್ರವಾಸದ ನಡುವೆ ಕರೆಯಲ್ಪಟ್ಟ ಇನ್ನೊಬ್ಬ ತರುಣನಾದ ಹನುಮ ವಿಹಾರಿಗೆ ದೊರೆಯಿತು. ವಿಹಾರಿಯ ಯೋಗ್ಯತೆಯ ಮಾತು ಇಲ್ಲಿಲ್ಲ. ಆತ ಅರ್ಧಶತಕ ಹೊಡೆದು ಅದನ್ನು ತೋರಿಸಿದ. ಆದರೆ ತಿಂಗಳುಗಟ್ಟಲೆ ಬೆಂಚಿನ ಮೇಲೆ ಕುಳಿತವನ ಮನಸ್ಸು ಏನಾಗಿರಬಹುದೆಂಬುದನ್ನು ಊಹಿಸಬಹುದು. 2022ರ ವೇಳೆಗೆ ಕರ್ನಾಟಕ ತಂಡದಲ್ಲಿಯೂ ಕರುಣರಿಗೆ ಸ್ಥಾನ ತಪ್ಪಿತು. ಆ ವರ್ಷದ ಡಿಸೆಂಬರಿನಲ್ಲಿ ಅವರು ಕ್ರಿಕೆಟನ್ನೇ ಒಬ್ಬ ಪ್ರಿಯವ್ಯಕ್ತಿಯೆಂದು ಸಂಬೋಧಿಸಿ, ತಮಗೆ ಇನ್ನೊಂದು ಅವಕಾಶ ಕೊಡಬೇಕೆಂದು ಬಹಿರಂಗವಾಗಿ ಬೇಡಿಕೊಂಡರು. ದೇಶಕ್ಕಾಗಿ ಮುನ್ನೂರು ಹೊಡೆದವನ ಬೇಡಿಕೆ ಇದು! ಓದಿದವರ ಮನಸ್ಸು ಕರಗದಿರಲಿಲ್ಲ.

ಅವರು ಸೋತು ಕುಳಿತುಕೊಳ್ಳಲಿಲ್ಲ. 2023ರಲ್ಲಿ ವಿದರ್ಭ ತಂಡಕ್ಕೆ ಸೇರಿದರು. 2024-25ರ ರಣಜಿಯಲ್ಲಿ 863 ರನ್ ಗಳಿಸಿದರು. 2025ರ ಜೂನಿನಲ್ಲಿ, ಎಂಟು ವರ್ಷಗಳ ಬಳಿಕ, ಲೀಡ್ಸಿನಲ್ಲಿ ಮತ್ತೆ ಭಾರತದ ಟೋಪಿ ಧರಿಸಿದರು. ನಾಲ್ಕು ಟೆಸ್ಟುಗಳಲ್ಲಿ 205 ರನ್ ಬಂದವು. ಆ ಬಳಿಕದ ಸರಣಿಗೆ ಅವರನ್ನು ಆಯಲಿಲ್ಲ. ಆಗ ಅವರ ಪ್ರಾಯ 33. ಇಪ್ಪತ್ತೈದರಲ್ಲಿ ದೊರೆಯಬೇಕಾದ ಸಾವಧಾನ ಮೂವತ್ತಮೂರರಲ್ಲಿ ದೊರೆತರೆ, ಕಾಲ ಕಳೆದ ಮೇಲೆ ಬಂದ ಮಳೆಯಂತೆ. ನೆಲ ಒದ್ದೆಯಾದೀತು, ಪೈರು ಏಳಲಾರದು.

ಈ ನಾಲ್ಕು ದೃಷ್ಟಾಂತಗಳಿಂದ ಅವಕಾಶವೆಂಬುದಕ್ಕೆ ಮೂರು ಅಂಗಗಳುಂಟೆಂದು ನಮಗೆ ತೋರುತ್ತದೆ. ಮೊದಲನೆಯದು ಪ್ರವೇಶ. ಎರಡನೆಯದು ಅವಧಿ, ಒಂದು ಸೋಲಿನಿಂದ ಮುಗಿಯದಷ್ಟು ಪಂದ್ಯಗಳು ಬೇಕು. ಮೂರನೆಯದು ಹಿಂದಿರುಗುವ ದಾರಿ. ಹೊರಗೆ ಹೋದವನಿಗೆ, ಏನು ಮಾಡಿದರೆ ತಾನು ಮರಳಿ ಬರಬಹುದೆಂಬುದು ಸ್ಪಷ್ಟವಾಗಿ ತಿಳಿದಿರಬೇಕು. ಪ್ರವೇಶವನ್ನು ಮಾತ್ರ ಕೊಟ್ಟು ಉಳಿದೆರಡನ್ನು ಕೊಡದಿದ್ದರೆ ಅದು ಅವಕಾಶವಲ್ಲ, ಪರೀಕ್ಷೆ. ಒಂದೇ ಪ್ರಶ್ನೆಯ ಪರೀಕ್ಷೆಯಿಂದ ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯುವ ಉಪಾಧ್ಯಾಯನನ್ನು ಯಾರೂ ಮೆಚ್ಚುವುದಿಲ್ಲ.

ಗೆಲ್ಲುವ ತಂಡ ಈ ಮೂರನ್ನೂ ಕೊಡಬಲ್ಲುದೇ? ಸೋಲುವ ತಂಡಕ್ಕಿಂತ ಸುಲಭವಾಗಿಯೇ ಕೊಡಬಲ್ಲುದು. ಸೋಲುವ ತಂಡದಲ್ಲಿ ಹೊಸಬನ ತಲೆಯ ಮೇಲೆ ಇಡೀ ತಂಡದ ಭಾರ ಬೀಳುತ್ತದೆ. ಗೆಲ್ಲುವ ತಂಡದಲ್ಲಿ ಆತ ಸೊನ್ನೆಗೆ ಔಟಾದರೂ ಮಿಕ್ಕ ಹತ್ತು ಮಂದಿ ಆ ನಷ್ಟವನ್ನು ತುಂಬಿಕೊಳ್ಳುತ್ತಾರೆ. ಜೊತೆಗೆ ನಿಂತ ಹಿರಿಯನ ಆಟವನ್ನು ನೋಡಿಯೇ ಆತ ಎಷ್ಟೋ ಕಲಿಯುತ್ತಾನೆ. ಸರಣಿ ಕೈಸೇರಿದ ಬಳಿಕ ಉಳಿದ ಪಂದ್ಯಗಳು, ಹಿರಿಯರಿಗೆ ವಿಶ್ರಾಂತಿ ಬೇಕಾದ ದಿನಗಳು, ಗಾಯದಿಂದ ತೆರವಾದ ಸ್ಥಾನಗಳು, ಇವೆಲ್ಲ ಹೊಸಬರನ್ನು ಇಳಿಸಲು ತಕ್ಕ ಸಂದರ್ಭಗಳು. ಚೆನ್ನೈಯ 303 ಬಂದುದು ಅಂತಹುದೇ ಸಂದರ್ಭದಲ್ಲಿ.

ಇದಕ್ಕೆ ಇನ್ನೊಂದು ಸಿದ್ಧತೆಯೂ ಬೇಕು. 2021ರ ಜನವರಿಯಲ್ಲಿ ಬ್ರಿಸ್ಬೇನಿನ ಟೆಸ್ಟಿಗೆ ಭಾರತದ ಪ್ರಮುಖ ಬೌಲರುಗಳಾದ ಬುಮ್ರಾ, ಅಶ್ವಿನ್, ಜಡೇಜಾ, ಶಮಿ ಇವರಾರೂ ಇರಲಿಲ್ಲ, ಎಲ್ಲರೂ ಗಾಯಾಳುಗಳು. ವಾಷಿಂಗ್ಟನ್ ಸುಂದರ್ ಮತ್ತು ನಟರಾಜನ್ ಅಂದೇ ಪ್ರಥಮ ಟೆಸ್ಟನ್ನಾಡಿದರು. ಶುಭಮನ್ ಗಿಲ್ ಮತ್ತು ಸಿರಾಜರು ತಿಂಗಳಿನೊಳಗೆ ಬಂದವರು. 1988ರಿಂದ ಆಸ್ಟ್ರೇಲಿಯ ಒಂದು ಟೆಸ್ಟನ್ನೂ ಸೋಲದಿದ್ದ ಆ ಮೈದಾನದಲ್ಲಿ ಈ ಹುಡುಗರು 328 ರನ್ನುಗಳ ಗುರಿಯನ್ನು ಮುಟ್ಟಿ ಗೆದ್ದರು. ಜನ ಇದನ್ನು ಪವಾಡವೆಂದರು. ಪವಾಡವಲ್ಲ, ಅದು ಪೂರ್ವಸಿದ್ಧತೆಯ ಫಲ. 2015ರಿಂದ ಭಾರತದ ಎ ತಂಡಕ್ಕೂ 19ರ ಕೆಳಗಿನವರ ತಂಡಕ್ಕೂ ಶಿಕ್ಷಕರಾಗಿದ್ದ ರಾಹುಲ್ ದ್ರಾವಿಡರು, ಪ್ರವಾಸಕ್ಕೆ ಕರೆದೊಯ್ದ ಪ್ರತಿಯೊಬ್ಬ ಹುಡುಗನನ್ನೂ ಆಡಿಸಬೇಕೆಂಬ ಪದ್ಧತಿಯನ್ನಿಟ್ಟುಕೊಂಡಿದ್ದರು. ತಾವು ಹುಡುಗರಾಗಿದ್ದಾಗ ಪ್ರವಾಸಕ್ಕೆ ಹೋಗಿ ಆಡದೆ ಹಿಂದಿರುಗುವ ನೋವನ್ನು ಅವರು ಬಲ್ಲವರು. 19ರ ಕೆಳಗಿನವರ ವಿಶ್ವಕಪ್ಪಿನಲ್ಲಿ ಒಬ್ಬನು ಒಮ್ಮೆ ಮಾತ್ರ ಆಡತಕ್ಕದ್ದೆಂಬ ನಿಯಮವೂ 2016ರಲ್ಲಿ ಬಂತು. ಹೀಗೆ ಕೆಳಗಿನ ಮೆಟ್ಟಿಲುಗಳಲ್ಲಿ ಹೆಚ್ಚು ಮಂದಿ ಆಡಿದುದರಿಂದಲೇ ಮೇಲಿನ ಮೆಟ್ಟಿಲಲ್ಲಿ ಸ್ಥಾನ ತೆರವಾದ ದಿನ ಸಿದ್ಧರಾದವರು ಸಿಕ್ಕಿದರು. 2025ರ ನವೆಂಬರ್ 2ರಂದು ನಮ್ಮ ಮಹಿಳೆಯರು ವಿಶ್ವಕಪ್ಪನ್ನು ಗೆದ್ದಾಗಲೂ ಇದೇ ಕಂಡುಬಂತು. ಮೊದಲು ತಂಡದಲ್ಲಿಲ್ಲದೆ, ಪ್ರತೀಕಾ ರಾವಲ್ ಗಾಯಗೊಂಡುದರಿಂದ ಕರೆಯಲ್ಪಟ್ಟ 21ರ ಶಫಾಲಿ ವರ್ಮಾ ಅಂತಿಮ ಪಂದ್ಯದಲ್ಲಿ 87 ರನ್ ಹೊಡೆದು 2 ವಿಕೆಟ್ ಪಡೆದು ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತೂ ಅವಶ್ಯ. ತಾರುಣ್ಯವೇ ಯೋಗ್ಯತೆಯಲ್ಲ. ಆಸ್ಟ್ರೇಲಿಯದ ಮೈಕೆಲ್ ಹಸ್ಸಿ ಪ್ರಥಮ ದರ್ಜೆಯ ಪಂದ್ಯಗಳಲ್ಲಿ 15 ಸಾವಿರಕ್ಕೂ ಹೆಚ್ಚು ರನ್ ಗಳಿಸಿದ ಬಳಿಕ, 2005ರಲ್ಲಿ, ಮೂವತ್ತರ ಪ್ರಾಯದಲ್ಲಿ ಪ್ರಥಮ ಟೆಸ್ಟನ್ನಾಡಿ ಯಶಸ್ವಿಯಾದರು. ಹಿರಿಯನನ್ನು ಹಿರಿಯನೆಂಬ ಒಂದೇ ಕಾರಣಕ್ಕೆ ತಳ್ಳುವುದು, ಕಿರಿಯನನ್ನು ಕಿರಿಯನೆಂಬ ಒಂದೇ ಕಾರಣಕ್ಕೆ ತಡೆಯುವುದು, ಎರಡೂ ಸಮಾನವಾದ ಅವಿವೇಕ. ತರುಣರೂ ಆಟದ ಗುಂಗಿನಲ್ಲಿ ವಿದ್ಯೆಯನ್ನು ಬಿಡಬಾರದು. ಎರಪಳ್ಳಿ ಪ್ರಸನ್ನರು 1962ರಲ್ಲಿ ಭಾರತಕ್ಕಾಗಿ ಆಡಿದ ಬಳಿಕ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಆಟದಿಂದ ದೂರ ಸರಿದು, 1967ರಲ್ಲಿ ಟೆಸ್ಟ್ ರಂಗಕ್ಕೆ ಮರಳಿ ಜಗತ್ಪ್ರಸಿದ್ಧರಾದರು. ಆಟ ಕಾದೀತು, ಓದಿನ ಪ್ರಾಯ ಕಾಯದು.

ಈಗ ನಮ್ಮ ಊರಿಗೆ ಬರೋಣ. ತಳಂಗರೆಯ ಮುಹಮ್ಮದ್ ಅಝರುದ್ದೀನ್ 2015ರಲ್ಲಿ ಕೇರಳದ ರಣಜಿ ತಂಡವನ್ನು ಸೇರಿದವನು. 2021ರ ಜನವರಿ 13ರಂದು ಮುಂಬಯಿಯಲ್ಲಿ, ಮುಂಬಯಿ ತಂಡದ ವಿರುದ್ಧವೇ, 54 ಎಸೆತಗಳಲ್ಲಿ ಔಟಾಗದೆ 137 ರನ್ ಹೊಡೆದು ದೇಶದ ಕಣ್ಣನ್ನು ತನ್ನ ಕಡೆಗೆ ತಿರುಗಿಸಿದ. ಕೂಡಲೇ ಐಪಿಎಲಿನ ಬೆಂಗಳೂರು ತಂಡ 20 ಲಕ್ಷ ರೂಪಾಯಿಗೆ ಅವನನ್ನು ಸೇರಿಸಿಕೊಂಡಿತು. ಆದರೆ ಆ ಋತುವಿನಲ್ಲಿ ಒಂದು ಪಂದ್ಯವೂ ಆಡಲು ದೊರೆಯಲಿಲ್ಲ. ಆತ ಮರಳಿ ತನ್ನ ರಾಜ್ಯದ ತಂಡದಲ್ಲಿ ದುಡಿದ. 2025ರ ಫೆಬ್ರುವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತಿನ ವಿರುದ್ಧ ನಡೆದ ರಣಜಿ ಉಪಾಂತ್ಯ ಪಂದ್ಯದಲ್ಲಿ ಔಟಾಗದೆ 177 ರನ್ ಹೊಡೆದ. ಕೇರಳದ ಮೊತ್ತ 457, ಗುಜರಾತಿನದು 455. ಆ ಎರಡೇ ರನ್ನುಗಳ ಮುನ್ನಡೆ ಕೇರಳವನ್ನು ಪ್ರಥಮ ಬಾರಿಗೆ ಅಂತಿಮ ಪಂದ್ಯಕ್ಕೆ ಮುಟ್ಟಿಸಿತು. ನಾಗಪುರದ ಅಂತಿಮ ಪಂದ್ಯದಲ್ಲಿ ಎದುರಾದ ವಿದರ್ಭ ತಂಡದಲ್ಲಿದ್ದವರು ಕರುಣ್ ನಾಯರರು! 86 ಮತ್ತು 135 ರನ್ ಹೊಡೆದು ಕೇರಳದ ಕೈಯಿಂದ ಟ್ರೋಫಿಯನ್ನು ತಪ್ಪಿಸಿದವರಲ್ಲಿ ಅವರೇ ಮುಖ್ಯರು. ಅವಕಾಶಕ್ಕಾಗಿ ಬಹುಕಾಲ ಕಾದ ಇಬ್ಬರು ಒಂದೇ ಮೈದಾನದಲ್ಲಿ ಎದುರುಬದುರಾಗಿ ನಿಂತ ಪಂದ್ಯವದು. 2025-26ರ ರಣಜಿಗೆ ಅಝರುದ್ದೀನನೇ ಕೇರಳದ ನಾಯಕನಾದ. ತಂಡ ಸೇರಿದ ದಿನದಿಂದ ಹತ್ತು ವರ್ಷಗಳ ತನಕ ರಾಜ್ಯವು ಅವನಿಗೆ ಅವಧಿ ಕೊಟ್ಟಿತು. ಆ ಅವಧಿ ರಾಜ್ಯಕ್ಕೆ ಬಡ್ಡಿಸಹಿತ ಹಿಂದೆ ಬಂತು.

ಈ ನೀತಿ ನಮ್ಮ ನೆಲಕ್ಕೆ ಹೊಸತಲ್ಲ. ಪಾರ್ತಿಸುಬ್ಬನ ಊರಾದ ಕುಂಬಳೆಯ ಸೀಮೆಯಲ್ಲಿ ಯಕ್ಷಗಾನ ನೋಡದವರಿಲ್ಲ. ಜನ ಸೇರುವುದು ಹೆಸರಾಂತ ವೇಷಧಾರಿಗಳನ್ನು ನೋಡಲು. ಆದರೂ ರಾತ್ರಿಯ ಮೊದಲ ಹೊತ್ತಿನಲ್ಲಿ ರಂಗಕ್ಕೆ ಬರುವವರು ಹುಡುಗರು. ಕೋಡಂಗಿ, ಬಾಲಗೋಪಾಲರು, ಪೀಠಿಕೆಯ ಸ್ತ್ರೀವೇಷ. ಹೆಜ್ಜೆ ತಪ್ಪಿದರೆ ಭಾಗವತರು ಹುಡುಗನನ್ನು ಮರುದಿನ ಮನೆಗೆ ಕಳುಹಿಸುವುದಿಲ್ಲ. ಮರುರಾತ್ರಿ ಮತ್ತೆ ಕುಣಿಸುತ್ತಾರೆ. ಪೂರ್ವರಂಗದಲ್ಲಿ ಕುಣಿದವನು ಪುಂಡುವೇಷಕ್ಕೆ ಏರುತ್ತಾನೆ, ಕ್ರಮೇಣ ಕಿರೀಟ ವೇಷಕ್ಕೆ. ಹಿರಿಯರ ಮೇಳ ಮೆರೆಯುತ್ತಿರುವಾಗಲೇ ಕಿರಿಯರು ತಯಾರಾಗುತ್ತಾರೆ. ಗೆಲ್ಲುವ ತಂಡ ಕಲಿಯಬೇಕಾದ ಪಾಠ ಇದರಲ್ಲಿ ಸಂಪೂರ್ಣವಾಗಿ ಉಂಟು.

ಕೊನೆಯದಾಗಿ, ನಮ್ಮ ಶಾಲೆಗಳಲ್ಲಿ ಇದರ ಅನುಷ್ಠಾನವಾಗಬೇಕು. ಉಪಜಿಲ್ಲಾ ಕ್ರೀಡಾಕೂಟಕ್ಕೆ ಹದಿನೈದು ಮಕ್ಕಳನ್ನು ಕರೆದೊಯ್ದು, ಬಹುಮಾನದ ಆಸೆಯಿಂದ ಅದೇ ಹನ್ನೊಂದು ಮಂದಿಯನ್ನು ಪ್ರತಿ ಪಂದ್ಯದಲ್ಲಿಯೂ ಆಡಿಸುವ ವಾಡಿಕೆ ಸಾಮಾನ್ಯವಾಗಿದೆ. ಉಳಿದ ನಾಲ್ವರ ಪಾಲಿಗೆ ನೀರು ಹೊರುವುದು, ಚಪ್ಪಾಳೆ ತಟ್ಟುವುದು. ಕರೆದೊಯ್ದವರನ್ನೆಲ್ಲ ಒಮ್ಮೆಯಾದರೂ ಆಡಿಸೋಣ. ಒಂದು ದಿನದ ಸೋಲಿನಿಂದ ಮಗುವನ್ನು ಅಳೆಯದಿರೋಣ. ತಂಡದಿಂದ ಬಿಟ್ಟ ಮಗುವನ್ನು ಹತ್ತಿರ ಕರೆದು, ಏಕೆ ಬಿಟ್ಟೆವು, ಏನನ್ನು ತಿದ್ದಿಕೊಳ್ಳಬೇಕು ಎಂಬುದನ್ನು ತಿಳಿಸೋಣ. ಹೆಣ್ಣುಮಕ್ಕಳ ಕೈಗೂ ಬ್ಯಾಟನ್ನು ಕೊಡೋಣ. ನಮ್ಮ ಮಕ್ಕಳಿಗೆ ಇನ್ನೊಂದು ಸಂಕೋಚವೂ ಉಂಟು. ಕನ್ನಡ ಶಾಲೆಯಿಂದ ಹೋದ ಹುಡುಗ ದೂರದ ಆಯ್ಕೆ ಶಿಬಿರದಲ್ಲಿ ಮಲಯಾಳವನ್ನಾಡುವ ಅಪರಿಚಿತರ ನಡುವೆ ಬಾಯಿ ಬಿಡಲಾರದೆ ಹಿಂದೆ ನಿಲ್ಲುತ್ತಾನೆ. ಹಿಂದೆ ನಿಂತವನು ಕಣ್ಣಿಗೆ ಬೀಳುವುದಿಲ್ಲ. ಅಂತಹ ದಿನ ಒಬ್ಬ ಉಪಾಧ್ಯಾಯನಾದರೂ ಜೊತೆಯಲ್ಲಿದ್ದರೆ ಅವನಿಗೆ ಆನೆಯ ಬಲ. ನಮ್ಮ ಸಂಘದ ದಾನಿಗಳು ಗೆದ್ದ ತಂಡಕ್ಕೆ ಬಹುಮಾನ ಕೊಡುವುದು ಶ್ಲಾಘ್ಯವೇ ಸರಿ. ಅದರೊಂದಿಗೆ ಹೊಸ ಮಕ್ಕಳ ಅಭ್ಯಾಸಕ್ಕೆ ಬ್ಯಾಟು, ಚೆಂಡು, ಕೈಗವಸುಗಳನ್ನೂ ಒದಗಿಸಿದರೆ ದಾನ ಇಮ್ಮಡಿ ಫಲಿಸೀತು.

ಗೆಲುವು ಒಂದು ದಿನದ ಉತ್ಸವ. ಗೆಲ್ಲುವವರನ್ನು ತಯಾರಿಸುವುದು ವರ್ಷಗಳ ವ್ರತ. ತರುಣನಿಗೆ ಸ್ಥಾನ ಕೊಡುವುದೆಂದರೆ ಹಿರಿಯನನ್ನು ಅವಮಾನಿಸುವುದಲ್ಲ, ಹಿರಿಯನ ದುಡಿಮೆಯಿಂದ ಬಂದ ಗೆಲುವನ್ನು ಮುಂದಿನವರ ಕೈಗೆ ಜೋಪಾನವಾಗಿ ಒಪ್ಪಿಸುವುದು. ಭಾರತದ ತಂಡವನ್ನು ಆಯುವ ಅಧಿಕಾರ ನಮಗಿಲ್ಲ. ನಮ್ಮ ಶಾಲೆಯ ಹನ್ನೊಂದು ಮಂದಿಯನ್ನು ಆಯುವ ಅಧಿಕಾರ ಮಾತ್ರ ನಮ್ಮ ಕೈಯಲ್ಲಿಯೇ ಉಂಟು. ಈ ವರ್ಷ ಆ ಪಟ್ಟಿಯನ್ನು ಬರೆಯುವಾಗ ಹನ್ನೆರಡನೆಯ ಮಗುವಿನ ಮುಖವನ್ನೂ ಒಮ್ಮೆ ನೋಡಿ ಬರೆಯೋಣ.